ಗೆದ್ದ ರಾಣಿ ಬಿಷಪ್‌ನನ್ನು ಕೇಳಿದ್ದೇಕೆ?

ಪ್ರಶ್ನೆ: ರೋಮ್ ವಿರುದ್ಧ ತಿರುಗಿಬಿದ್ದ ಅರಬ್ ರಾಣಿ ಎಂದರೆ ಜೆನೋಬಿಯಾ ಅಂದುಕೊಂಡಿದ್ದೆ. ಈಗ ಮಾವಿಯಾ ಎಂಬ ಹೆಸರು ಕಣ್ಣಿಗೆ ಬಿತ್ತು. ಇಬ್ಬರೂ ಒಬ್ಬರೇನಾ? ಗೆದ್ದ ಮೇಲೂ ಮಾವಿಯಾ ಬರೀ ಒಬ್ಬ ಬಿಷಪ್‌ನನ್ನು ಕೇಳಿ ರಾಜಿಯಾದಳಂತೆ, ಯಾಕೆ?

ಉತ್ತರ: ಒಬ್ಬರಲ್ಲ. ಸಿರಿಯಾದ ಪಾಲ್ಮೈರಾ ನಗರದ ರಾಣಿ ಜೆನೋಬಿಯಾ 272ರಲ್ಲಿ ಸೋತು ಸೆರೆಯಾದಳು. ಮಾವಿಯಾ ಬಂದದ್ದು ಅದಾಗಿ ನೂರು ವರ್ಷದ ಮೇಲೆ. ಆಕೆ ಸೋಲಲೂ ಇಲ್ಲ.

ಸಿರಿಯಾ ಅಂಚಿನ ಮರಳುಗಾಡಿನ ಅರಬ್ಬರಿಗೆ ಆಕೆಯ ಗಂಡ ದೊರೆ. ಆತ ತೀರಿಕೊಂಡ ಮೇಲೆ ರೋಮ್ ಜತೆಗಿನ ಒಪ್ಪಂದ ಮುರಿಯಿತು. 377-78ರ ಹೊತ್ತಿಗೆ ಮಾವಿಯಾ ರೋಮ್ ಕೈಯಲ್ಲಿದ್ದ ಫಿನೀಷಿಯಾ (ಇಂದಿನ ಲೆಬನಾನ್ ಸುತ್ತಲಿನ ನಾಡು), ಪ್ಯಾಲೆಸ್ಟೈನ್ ಮೇಲೆ ದಂಡೆತ್ತಿ ಹೋದಳು. ಫಿನೀಷಿಯಾದ ರೋಮನ್ ದಂಡನಾಯಕ ತನ್ನಿಂದಾಗದು ಎಂದು ಪೂರ್ವ ಪ್ರಾಂತ್ಯಗಳ ಸೇನಾಪತಿಯನ್ನು ಕರೆದ. ಆ ದೊಡ್ಡ ಮನುಷ್ಯ ನಕ್ಕುಬಿಟ್ಟ. 'ನೀನು ಪಕ್ಕಕ್ಕಿರು' ಎನ್ನುವಂತೆ ಅವನನ್ನು ದೂರವಿಟ್ಟು ತಾನೇ ನುಗ್ಗಿದ, ಸರಿಯಾಗಿ ಪೆಟ್ಟು ತಿಂದ. ಕೊನೆಗೆ ಅವನ ಜೀವ ಉಳಿಸಿದ್ದು ಪಕ್ಕಕ್ಕೆ ನಿಂತಿದ್ದ ಅದೇ ದಂಡನಾಯಕ! ಇದನ್ನು ಬರೆದ ಚರ್ಚ್ ಇತಿಹಾಸಕಾರ ಸೊಜೊಮೆನ್, ಅರಬ್ಬರು ಆ ಯುದ್ಧದ ಹಾಡುಗಳನ್ನು ತನ್ನ ಕಾಲದಲ್ಲೂ, ಅಂದರೆ ಐದನೇ ಶತಮಾನದಲ್ಲೂ, ಹಾಡುತ್ತಿದ್ದರು ಎನ್ನುತ್ತಾನೆ.

ಇನ್ನು ಬಿಷಪ್ ವಿಷಯ. 'ಬರೀ' ಅನ್ನಬೇಡಿ. ಚಕ್ರವರ್ತಿ ವ್ಯಾಲೆನ್ಸ್ ಏರಿಯನ್ ಪಂಥದ ಕಡೆಯವನು. ಯೇಸು ತಂದೆ ದೇವರಿಗೆ ಸಮನಲ್ಲ ಎನ್ನುವ ಪಂಥ ಅದು. ಒಪ್ಪದ ಬಿಷಪ್‌ಗಳನ್ನು ಅವನು ಗಡೀಪಾರು ಮಾಡಿಸಿದ್ದ. ಮಾವಿಯಾ ತನ್ನ ಜನರಿಗೆ ಬಿಷಪ್ ಆಗಿ ಕೇಳಿದ್ದು ಮೋಸೆಸ್ ಎಂಬ ಮರಳುಗಾಡಿನ ಸನ್ಯಾಸಿಯನ್ನು. ಆತ ಏರಿಯನ್ ಬಿಷಪ್ ಲೂಸಿಯಸ್‌ನ ಕೈಯಿಂದ ದೀಕ್ಷೆ ಬೇಡವೇ ಬೇಡ ಎಂದು ಹಟ ಹಿಡಿದ. ಬೇರೆ ದಾರಿಯಿಲ್ಲದೆ ಗಡೀಪಾರಾಗಿದ್ದ ಬಿಷಪ್‌ಗಳಿಂದಲೇ ದೀಕ್ಷೆ ಕೊಡಿಸಬೇಕಾಯಿತು. ತಾನು ಓಡಿಸಿದವರ ಹತ್ತಿರವೇ ಹೋಗುವುದೆಂದರೆ ಚಕ್ರವರ್ತಿಗೆ ಸಣ್ಣ ಮುಖಭಂಗವಲ್ಲ, ಅಲ್ವಾ? ಇದರಲ್ಲಿ ಭಕ್ತಿ ಇದ್ದೇ ಇತ್ತು. ಆದರೆ ತನ್ನ ಜನರ ಗುರು ಅರಮನೆಯ ಆಳಾಗಬಾರದು ಎಂಬ ಲೆಕ್ಕಾಚಾರವೂ ಇತ್ತು ಅಂತ ನನಗೆ ಅನಿಸುತ್ತದೆ. ಅತ್ತ ಡ್ಯಾನ್ಯೂಬ್ ನದಿ ದಾಟಿ ಬಂದಿದ್ದ ಗಾಥ್ ಎಂಬ ಜರ್ಮನಿಕ್ ಜನ ದಂಗೆ ಎದ್ದಿದ್ದರಿಂದ ವ್ಯಾಲೆನ್ಸ್‌ಗೆ ಚೌಕಾಸಿ ಮಾಡುವಷ್ಟು ಪುರುಸೊತ್ತಿರಲಿಲ್ಲ.

ಮಾವಿಯಾ ತನ್ನ ಮಗಳನ್ನು ರೋಮನ್ ಸೇನಾನಿ ವಿಕ್ಟರ್‌ಗೆ ಕೊಟ್ಟು ಮದುವೆಯನ್ನೂ ಮಾಡಿದಳು.

378ರ ಆಗಸ್ಟ್ 9ರಂದು ಏಡ್ರಿಯಾನೋಪಲ್‌ನಲ್ಲಿ (ಇಂದಿನ ಟರ್ಕಿಯ ಎಡಿರ್ನೆ) ಗಾಥರು ವ್ಯಾಲೆನ್ಸ್‌ನನ್ನು ಕೊಂದು ಪೂರ್ವ ರೋಮ್‌ನ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಬಾಗಿಲಿಗೆ ಬಂದರು. ಆಗ ಊರಿನ ನೆರವಿಗೆ ನಿಂತವರಲ್ಲಿ ಮಾವಿಯಾ ಕಳಿಸಿದ ಅರಬ್ಬರೂ ಇದ್ದರು. ಅವರಲ್ಲೊಬ್ಬ ಬರಿಮೈಯಲ್ಲಿ, ಬಾಕು ಹಿಡಿದು ಗಾಥರ ನಡುವೆ ನುಗ್ಗಿ, ಕೊಂದವನ ಕುತ್ತಿಗೆಯ ರಕ್ತ ಹೀರಿದನಂತೆ. ಗಾಥರ ಧೈರ್ಯ ಅಲ್ಲಿಗೇ ಉಡುಗಿತು ಎಂದು ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಆದರೆ ಅವನ ಪುಸ್ತಕದಲ್ಲಿ ಮಾವಿಯಾಳ ಹೆಸರೇ ಇಲ್ಲ.