‘ನೀವು ಪೇಷೆಂಟಿಗೆ ಏನಾಗಬೇಕು?’

ಮಾನ್ಯರೇ,

ಸಲಿಂಗ ವಿವಾಹದ ಪರವಾಗಿ ಕಳೆದ ಸಂಚಿಕೆಯಲ್ಲಿ ನಾವು ಬರೆದ ಸಂಪಾದಕೀಯ ಓದಿ ಮೂರು ಪುಟದ ಕಾಗದ ಬರೆದಿದ್ದೀರಿ. 32 ವರ್ಷ ಮೇಷ್ಟರಾಗಿದ್ದವರ ಅಕ್ಷರ, ಒಂದು ಕಡೆಯೂ ಹೊಡೆದುಹಾಕಿಲ್ಲ. ಸಿಟ್ಟು ಇದೆ, ಹೀಯಾಳಿಕೆ ಇಲ್ಲ. ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ.

ತಮ್ಮ ಆಕ್ಷೇಪ ಇಷ್ಟು. 2018ರಲ್ಲಿ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್‌ನ ಭಯ ತಪ್ಪಿಸಿತು. ಜೊತೆಗಿರಲಿ, ಯಾರು ಬೇಡ ಅಂದರು? ಮದುವೆ ಯಾಕೆ? ಅದು ಇರುವುದು ಸಂತಾನಕ್ಕೆ. ಸಂವಿಧಾನದ ಪೀಠಿಕೆಯ ‘ಸ್ಥಾನಮಾನ ಮತ್ತು ಅವಕಾಶ ಸಮಾನತೆ’ ಶಾಲೆಗೆ, ನೌಕರಿಗೆ ಸಂಬಂಧಿಸಿದ್ದು, ಅದನ್ನು ಹಸೆಮಣೆಗೆ ಎಳೆದು ತರಬೇಡಿ.

‘ಯಾರು ಬೇಡ ಅಂದರು’ ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಪತ್ರಿಕೆಯ ಕರಡು ತಿದ್ದುವ ಹೆಣ್ಣುಮಗಳೊಬ್ಬರು 19 ವರ್ಷಗಳಿಂದ ತಮ್ಮ ಸಂಗಾತಿಯೊಂದಿಗೆ ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆ. ಸಂಗಾತಿಯೂ ಹೆಣ್ಣು. ಎರಡು ವರ್ಷದ ಹಿಂದೆ ಒಂದು ರಾತ್ರಿ ಸಂಗಾತಿಗೆ ತುರ್ತಾಗಿ ಆಪರೇಷನ್ ಆಗಬೇಕಾಯಿತು. ಫೋನು ಬಂತು, ನಾನೂ ಹೋದೆ. ಕೌಂಟರಿನ ಹುಡುಗ ಒಪ್ಪಿಗೆ ಪತ್ರ ಮುಂದಿಟ್ಟು, “ನೀವು ಪೇಷೆಂಟಿಗೆ ಏನಾಗಬೇಕು?” ಎಂದ. ಅವನನ್ನು ದೂರುವಂತಿಲ್ಲ, ಫಾರಮಿನಲ್ಲಿ ಆ ಕಾಲಂ ಇತ್ತು. ದಿನವೂ ನನ್ನ ಬರಹದಲ್ಲಿ ತಪ್ಪು ಪದ ಹೊಡೆದು ಸರಿಯಾದದ್ದು ಬರೆಯುವ ಆಕೆ ಪೆನ್ನು ಹಿಡಿದು ಸುಮ್ಮನೆ ನಿಂತರು. ಕೊನೆಗೆ ‘ಸ್ನೇಹಿತೆ’ ಎಂದು ಬರೆದರು. “ಸ್ನೇಹಿತೆ ಅಂದ್ರೆ ಆಗಲ್ಲ ಮೇಡಂ, ಮನೆಯವರು ಯಾರಾದ್ರೂ ಬರ್ಲಿ.” ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನಿಗೆ ಫೋನು ಮಾಡಿದ್ದಾಯಿತು. ಆತ ಬಂದು ಸಹಿ ಹಾಕುವವರೆಗೆ ಈಕೆ ಸಂಗಾತಿಯ ಕನ್ನಡಕವನ್ನು ಸೆರಗಿನ ತುದಿಯಲ್ಲಿ ಒರೆಸುತ್ತ ಬೆಂಚಿನ ಮೇಲೆ ಕೂತಿದ್ದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಮೇಷ್ಟರೇ, ಸ್ಥಾನಮಾನ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗ ಆ ಕಾಲಂ ಕಣ್ಣಿಗೆ ಕಟ್ಟುತ್ತದೆ. ‘ಹೆಂಡತಿ’ ಅಥವಾ ‘ಗಂಡ’ ಎಂದು ಬರೆದವರನ್ನು ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆ ಒಂದು ಪದದ ಹಿಂದೆ ಕಾನೂನು ಎಷ್ಟೊಂದನ್ನು ಕಟ್ಟಿಟ್ಟಿದೆ ನೋಡಿ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ ಹೆಂಡತಿ ‘ಹತ್ತಿರದ ಸಂಬಂಧಿ’ಗಳು. ಸಂಗಾತಿಗೆ ಮೂತ್ರಪಿಂಡ ಕೊಡಲು ಈಕೆ ಮುಂದಾದರೆ ಹೊರಗಿನವರಂತೆ ಸಮಿತಿಯೊಂದರ ಅನುಮತಿಗೆ ಕಾಯಬೇಕು. ಉಯಿಲು ಬರೆದಿಡಬಹುದಲ್ಲ ಎಂದು ತಾವು ಕೇಳಿದ್ದೀರಿ. ಮನೆಯನ್ನು ಉಯಿಲಿನಲ್ಲಿ ಬರೆಯಬಹುದು, ಸರ್ಕಾರಿ ನೌಕರರ ಕುಟುಂಬ ಪಿಂಚಣಿಯನ್ನು ಬರೆಯಲಾಗುವುದಿಲ್ಲ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಉಯಿಲು ಯಾವ ಕೆಲಸಕ್ಕೂ ಬಾರದು.

ಸಮಾನತೆ ನೌಕರಿಗಷ್ಟೇ ಎಂಬ ಮಾತನ್ನು ನಾನು ಒಪ್ಪಲಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಸಮಾನರಾಗಿ ಸಾಮಾಜಿಕ ಬದುಕಿನಲ್ಲಿ ಅಸಮಾನರಾಗಿ ಉಳಿದರೆ ಪ್ರಜಾಪ್ರಭುತ್ವವೇ ಅಪಾಯಕ್ಕೆ ಸಿಲುಕುತ್ತದೆ ಎಂದು. ಸಾಮಾಜಿಕ ಬದುಕು ಎಂದಮೇಲೆ ಮನೆ ಅದರ ಹೊರಗಿಲ್ಲ.

‘ಕೋರ್ಟೇ ತಳ್ಳಿಹಾಕಿದೆ’ ಎಂದಿದ್ದೀರಿ. ನಿಜ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆ ಮೂಲಭೂತ ಹಕ್ಕಲ್ಲ ಎಂಬಲ್ಲಿ ಐವರು ನ್ಯಾಯಮೂರ್ತಿಗಳದೂ ಒಂದೇ ಮಾತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಆದರೆ ಇಬ್ಬರು ಕೂಡಿ ಬಾಳುವ ಹಕ್ಕನ್ನು ಆ ಐವರಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಆ ಬಾಳಿಗೆ ಸರ್ಕಾರ ಮಾನ್ಯತೆ ಕೊಡಲೇಬೇಕೇ ಎಂಬಲ್ಲಿ 3–2 ಆಗಿ ಒಡೆದರು, ಬೇಕಿಲ್ಲ ಎಂದವರು ಮೂವರು. ಮದುವೆಯ ಕಾನೂನು ಬರೆಯುವುದು ಸಂಸತ್ತಿನ ಕೆಲಸ ಎಂದರು. ಸಂಸತ್ತು ಇಂಥದ್ದನ್ನು ಹಿಂದೆಯೂ ಮಾಡಿದೆ. 1872ರ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆಯಾಗಲು ತನ್ನ ಧರ್ಮವನ್ನು ತಾನು ಪಾಲಿಸುವುದಿಲ್ಲವೆಂದು ಘೋಷಿಸಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಆ ಷರತ್ತನ್ನು ಕಿತ್ತುಹಾಕಿತು. ಆ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು ಎನ್ನುತ್ತದೆ, ಮಕ್ಕಳು ಹೆರುತ್ತೀರಾ ಎಂದು ಯಾರನ್ನೂ ಕೇಳುವುದಿಲ್ಲ. ಅರವತ್ತು ದಾಟಿದವರು ಆಸರೆಗೆಂದು ಮದುವೆಯಾದರೆ ನಾವು ಹರಸುತ್ತೇವೆ. ಸಂತಾನದ ವಾದಕ್ಕೆ ನನ್ನಲ್ಲಿ ಇದಕ್ಕಿಂತ ಹೆಚ್ಚಿನ ಉತ್ತರವಿಲ್ಲ, ಬೇಕೆಂದೂ ಅನಿಸುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದರೂ ತಪ್ಪಾಗುತ್ತದೆ. ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ, ರೇಷನ್ ಕಾರ್ಡಿಗೆ ಅವರು ಒಂದೇ ಮನೆಯವರು ಎಂದು ಕೇಂದ್ರ 2024ರಲ್ಲಿ ಸ್ಪಷ್ಟಪಡಿಸಿದೆ. ಅಕ್ಕಿಗೆ ಒಂದೇ ಮನೆಯವರಾದವರು ಆಸ್ಪತ್ರೆಯಲ್ಲಿ ಹೊರಗಿನವರಾಗುವುದು ನನ್ನನ್ನು ಕಾಡುತ್ತದೆ.

ತಮ್ಮ ಒಂದು ಮಾತಿಗೆ ತಲೆಬಾಗುತ್ತೇನೆ. ಒಪ್ಪದವರೆಲ್ಲ ಕಲ್ಲೆದೆಯವರು ಎಂಬ ಧ್ವನಿ ನಮ್ಮ ಸಂಪಾದಕೀಯದಲ್ಲಿತ್ತು. ಮತ್ತೊಮ್ಮೆ ಓದಿದೆ, ಇದೆ. ಅದು ನನ್ನ ತಪ್ಪು, ಕ್ಷಮಿಸಿ.

ತಮ್ಮ ಪತ್ರವನ್ನು ಇದೇ ಪುಟದಲ್ಲಿ ಪೂರ್ತಿ ಅಚ್ಚು ಹಾಕಿದ್ದೇವೆ, ಒಂದು ಸಾಲು ಬಿಟ್ಟು. ಉದಾಹರಣೆಗೆಂದು ತಮ್ಮ ಬೀದಿಯ ಇಬ್ಬರು ಹುಡುಗರ ಹೆಸರು ಬರೆದಿದ್ದಿರಿ. ಅವರನ್ನು ಕೇಳದೆ ಆ ಹೆಸರುಗಳನ್ನು ಅಚ್ಚು ಮಾಡಲು ಬಾರದು. ಆ ಸಾಲಿನ ಮೇಲೆ ಗೆರೆ ಎಳೆದವರು ನಮ್ಮ ಕರಡು ತಿದ್ದುವವರೇ.

– ಸಂಪಾದಕ