‘ಆರ್ನಾಲ್ಡ್ ಅಂಡ್ ಡೆಂಟ್’ ಅಂತಿದ್ದ ಮಾತ್ರಕ್ಕೆ ನಕಲಿಯಲ್ಲ

ಆರ್ನಾಲ್ಡ್ 1799ರಲ್ಲೇ ತೀರಿಕೊಂಡರಲ್ಲ, ಹಾಗಾದರೆ ‘ಆರ್ನಾಲ್ಡ್ ಅಂಡ್ ಡೆಂಟ್’ ಹೆಸರಿರುವ ತಾತನ ಕ್ರೋನೋಮೀಟರ್ (ಹಡಗಿನಲ್ಲಿ ಬಳಸುತ್ತಿದ್ದ, ಪೆಟ್ಟಿಗೆಯಲ್ಲಿಟ್ಟ ನಿಖರ ಗಡಿಯಾರ) ನಕಲಿಯೇ ಅಂತ ಕೇಳಿದ್ದೀರಿ. ನೀವು ಇಬ್ಬರು ಆರ್ನಾಲ್ಡ್‌ಗಳನ್ನು ಒಬ್ಬರೇ ಅಂದುಕೊಂಡಿರಬೇಕು, ಗೊಂದಲ ಅಲ್ಲೇ ಇದೆ. 1799ರಲ್ಲಿ ತೀರಿಕೊಂಡವರು ಅಪ್ಪ, ಜಾನ್ ಆರ್ನಾಲ್ಡ್. ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಗಡಿಯಾರದ ಲಯ ಕಾಯುವ ಬ್ಯಾಲೆನ್ಸ್ ಚಕ್ರದ ಹೆಲಿಕಲ್ (ಸುರುಳಿಯಾಕಾರದ) ಸ್ಪ್ರಿಂಗ್‌ಗೆ 1775ರಲ್ಲಿ ಪೇಟೆಂಟ್ ಪಡೆದವರು. ಸಮುದ್ರದಲ್ಲೂ ಸರಿಯಾದ ಸಮಯ ತೋರಿಸುವ ಗಡಿಯಾರ ಸಾಧ್ಯವೆಂದು ತೋರಿಸಿದವರು ಜಾನ್ ಹ್ಯಾರಿಸನ್; ಅದನ್ನು ಹತ್ತಾರು ಹಡಗುಗಳಿಗೆ ತಲುಪುವ ಹಾಗೆ ಸರಳ ಮಾಡಿದವರಲ್ಲಿ ಇವರು ಪ್ರಮುಖರು, ಆದರೂ ಹೆಸರು ಹ್ಯಾರಿಸನ್‌ಗೇ ಜಾಸ್ತಿ. ಮಗ ಜಾನ್ ರೋಜರ್ ಆರ್ನಾಲ್ಡ್, ಎಡ್ವರ್ಡ್ ಜಾನ್ ಡೆಂಟ್ ಜೊತೆ 1830ರಿಂದ 1840ರವರೆಗೆ ಪಾಲುದಾರರಾಗಿದ್ದರು. ನಿಮ್ಮ ತಾತನ ಪೆಟ್ಟಿಗೆ ಗಡಿಯಾರ ಅಸಲಿಯಾದರೆ ಆ ಹತ್ತು ವರ್ಷದ್ದು.

ಮೊದಲು, ಕೀ ಕೊಡಬೇಡಿ. ಒಳಗಿನ ಎಣ್ಣೆ ಒಣಗಿ ಅಂಟಾಗಿದ್ದರೆ ಓಡಿಸಿದಷ್ಟೂ ಸವೆತ. ಆಮೇಲೆ ಡಯಲ್ ಮೇಲಿನ ಹೆಸರು, ವಿಳಾಸ, ನಂಬರ್ ಮೂರರ ಫೋಟೋ ತೆಗೆಯಿರಿ. ವಿಳಾಸ ‘84, ಸ್ಟ್ರಾಂಡ್’ (ಲಂಡನ್‌ನ ರಸ್ತೆ) ಇದ್ದರೆ ಒಳ್ಳೆಯ ಲಕ್ಷಣ. ಆದರೆ ಅಷ್ಟಕ್ಕೇ ನಂಬಬೇಡಿ: ಡಯಲ್ ಬದಲಾಗಿರಬಹುದು, ಆರ್ನಾಲ್ಡ್ ಹೆಸರಿಗೆ ಬೆಲೆ ಇದ್ದದ್ದರಿಂದ ಸುಳ್ಳು ಸಹಿಯವೂ ಇವೆ. ಒಳಗಿನ ಯಂತ್ರದ ಮೇಲೂ ಹೆಸರು, ನಂಬರ್ ಕೆತ್ತಿದ್ದು ಡಯಲ್‌ಗೆ ತಾಳೆಯಾದರೆ ಧೈರ್ಯವಾಗಿ ಮುಂದುವರಿಯಿರಿ. ಫೋಟೋ ನೋಡದೆ ನಾನು ಇಷ್ಟೇ ಹೇಳಬಲ್ಲೆ.

ಆದರೆ ಆ ಕೆತ್ತನೆ ನೋಡಲೆಂದು ಯಂತ್ರವನ್ನು ನೀವೇ ಬಿಚ್ಚಬೇಡಿ. ಚಕ್ರವನ್ನು ತಡೆದು ತಡೆದು ಬಿಡುವ ಡಿಟೆಂಟ್ ಅನ್ನುವ ಭಾಗದ ಸ್ಪ್ರಿಂಗ್ ಬಲು ತೆಳು, ಮುರಿದರೆ ಹೊಸದನ್ನು ಕೈಯಲ್ಲೇ ಮಾಡಿಸಬೇಕು. ಮಾಮೂಲಿ ವಾಚ್ ರಿಪೇರಿಯವರಿಗೆ ಕೊಡದೆ, ಕ್ರೋನೋಮೀಟರ್ ಬಿಚ್ಚಿ ಗೊತ್ತಿರುವವರನ್ನೇ ಹುಡುಕಿ. ಸಾಗಿಸುವ ಮುನ್ನ ಅವರನ್ನೇ ಮನೆಗೆ ಕರೆಸಿ, ಬ್ಯಾಲೆನ್ಸ್ ಚಕ್ರ ಅಲುಗಾಡದ ಹಾಗೆ ತೆಳು ಕಾರ್ಕ್ ಚೂರು ಇಡಿಸಿ.