ಆಪ್ತಸಲಹೆ ಪ್ರಕರಣ: ಯಾವ ಊರಿನ ಮುಪ್ಪಿಗೆ ಈ ಉಳಿತಾಯ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಹಣಕಾಸಿನ ಆಪ್ತಸಲಹೆ ನೀಡುವ ನನ್ನ ಬಳಿಗೆ, ಹೆಚ್ಚು ಸಂಬಳದ ದಂಪತಿಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: ರಾತ್ ಎಂಬ ನಿವೃತ್ತಿ ಖಾತೆಗೆ ಇನ್ನೂ ಎಷ್ಟು ಹಣ ತುಂಬಬಹುದು, ಯಾವ ದಾರಿಯಲ್ಲಿ ತುಂಬಬಹುದು? ಈ ಪ್ರಕರಣವೂ ಅದೇ ಪ್ರಶ್ನೆಯಿಂದ ಆರಂಭವಾಯಿತು. ನಾನು ಕೊಟ್ಟ ಸಲಹೆಯನ್ನು ಇದೇ ಕೆಲಸ ಮಾಡುವ ಇಬ್ಬರು ಸ್ನೇಹಿತರು ಒಪ್ಪಲಿಲ್ಲವಾದ್ದರಿಂದ ಮತ್ತು ಇಂಥ ಪ್ರಕರಣ ವರ್ಷಕ್ಕೆ ನಾಲ್ಕೈದು ಬಾರಿ ನನ್ನೆದುರು ಬರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಆ ದಂಪತಿಯ ಒಪ್ಪಿಗೆಯನ್ನೂ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ದಂಪತಿ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಪತಿಗೆ ನಲವತ್ತಾರು ವರ್ಷ. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾ ಮೇಲಿದ್ದು, ಗ್ರೀನ್ ಕಾರ್ಡ್ ಸರದಿಯಲ್ಲಿ ಹಲವು ವರ್ಷಗಳಿಂದ ನಿಂತಿದ್ದಾರೆ. ಪತ್ನಿಯೂ ದುಡಿಯುತ್ತಾರೆ, ಆದರೆ ಅವರ ಉದ್ಯೋಗಾನುಮತಿ ಪತಿಯ ವೀಸಾಕ್ಕೆ ಅಂಟಿಕೊಂಡಿರುವಂಥದ್ದು. ಇಬ್ಬರ ಸಂಬಳ ಸೇರಿ ವರ್ಷಕ್ಕೆ 5,20,000 ಡಾಲರ್. ಒಬ್ಬ ಮಗ, ಹತ್ತನೆಯ ತರಗತಿ. ಪತಿಯ ತಾಯಿ ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ.

ವಿಷಯದ ಪರಿಚಯವಿಲ್ಲದವರಿಗೆ ಒಂದಿಷ್ಟು ವಿವರಣೆ ಬೇಕು. ಸಾಮಾನ್ಯ ನಿವೃತ್ತಿ ಖಾತೆಗೆ ಹಾಕಿದ ಹಣಕ್ಕೆ ಆ ವರ್ಷ ತೆರಿಗೆ ಇಲ್ಲ, ಮುಪ್ಪಿನಲ್ಲಿ ತೆಗೆಯುವಾಗ ಇದೆ. ರಾತ್ ಖಾತೆಯಲ್ಲಿ ಇದು ತಿರುವುಮುರುವು: ಇಂದು ತೆರಿಗೆ ಕಟ್ಟಿದ ಹಣವನ್ನು ಹಾಕುತ್ತೇವೆ, ಖಾತೆಗೆ ಐದು ವರ್ಷ ತುಂಬಿ, ವಯಸ್ಸು ಐವತ್ತೊಂಬತ್ತೂವರೆ ವರ್ಷ ದಾಟಿದ ಮೇಲೆ ತೆಗೆದರೆ ಬೆಳೆದ ಲಾಭಕ್ಕೂ ಅಲ್ಲಿ ತೆರಿಗೆ ಇಲ್ಲ. 1997ರ ಕಾಯ್ದೆಯಿಂದ ಹುಟ್ಟಿದ ಈ ಖಾತೆಗೆ ಡೆಲವೇರ್‌ನ ಸೆನೆಟರ್ ವಿಲಿಯಂ ರಾತ್ ಅವರ ಹೆಸರಿದೆ. ಹೆಚ್ಚು ಸಂಬಳದವರಿಗೆ ಇದರ ಮುಂಬಾಗಿಲು ಮುಚ್ಚಿದೆ. 2025ರಲ್ಲಿ ದಂಪತಿಯ ಆದಾಯ 2,46,000 ಡಾಲರ್ ಮುಟ್ಟಿದರೆ ರಾತ್ ಐಆರ್‌ಎಗೆ ನೇರವಾಗಿ ಏನನ್ನೂ ಹಾಕುವಂತಿಲ್ಲ (ಐಆರ್‌ಎ ಎಂದರೆ ವ್ಯಕ್ತಿ ತಾನೇ ತೆರೆಯುವ ನಿವೃತ್ತಿ ಖಾತೆ). ಆದರೆ ಸಾಮಾನ್ಯ ಐಆರ್‌ಎಯನ್ನು ರಾತ್‌ಗೆ ಪರಿವರ್ತಿಸಲು ಇದ್ದ ಆದಾಯಮಿತಿ 2010ರಲ್ಲಿ ಹೋಯಿತು. ಅಂದಿನಿಂದ, ತೆರಿಗೆ ಕಟ್ಟಿದ ಹಣವನ್ನು (2025ರ ಮಿತಿ 7,000 ಡಾಲರ್) ಸಾಮಾನ್ಯ ಐಆರ್‌ಎಗೆ ಹಾಕಿ ಮರುದಿನವೇ ರಾತ್‌ಗೆ ದಾಟಿಸುವುದು ರೂಢಿಯಾಯಿತು. ಅದೇ ಬ್ಯಾಕ್‌ಡೋರ್ ರಾತ್. 401(ಕೆ) ಎಂಬ, ಕಂಪನಿಯ ಮೂಲಕ ನಡೆಯುವ ನಿವೃತ್ತಿ ಯೋಜನೆ ಒಪ್ಪಿದರೆ ಇನ್ನೂ ದೊಡ್ಡದೊಂದು ದಾರಿಯಿದೆ. 2025ರಲ್ಲಿ ಐವತ್ತು ತುಂಬದ ಒಬ್ಬ ಉದ್ಯೋಗಿಯ ಹೆಸರಿಗೆ ಎಲ್ಲ ಬಗೆಯಿಂದ ಸೇರಬಹುದಾದ ಒಟ್ಟು ಮೊತ್ತ 70,000 ಡಾಲರ್. ಪತಿಯ ಸ್ವಂತ ಕಡಿತ 23,500, ಕಂಪನಿಯ ಪಾಲು 11,750. ಉಳಿದ 34,750 ಡಾಲರನ್ನು ತೆರಿಗೆ ಕಟ್ಟಿದ ಸಂಬಳದಿಂದ ಹಾಕಿ ತಕ್ಷಣ ರಾತ್ ಭಾಗಕ್ಕೆ ಬದಲಿಸಬಹುದು. ಇದನ್ನು ಮೆಗಾ ಬ್ಯಾಕ್‌ಡೋರ್ ಎನ್ನುತ್ತಾರೆ.

ಪತಿ ಇವೆಲ್ಲವನ್ನೂ ಓದಿಕೊಂಡಿದ್ದರು, ಎಲ್ಲವನ್ನೂ ಮಾಡುತ್ತಿದ್ದರು. ಇಬ್ಬರ 401(ಕೆ) ಕಡಿತವೂ ರಾತ್‌ಗೆ ಹೋಗುತ್ತಿತ್ತು, ಮೆಗಾ ಬ್ಯಾಕ್‌ಡೋರ್ ತುದಿಯವರೆಗೆ ತುಂಬುತ್ತಿತ್ತು. ಅವರು ನನ್ನ ಬಳಿ ಬಂದದ್ದು ಕಳೆದ ಅಕ್ಟೋಬರ್‌ನಲ್ಲಿ, ಒಂದು ಸಣ್ಣ ಅನುಮಾನ ಬಗೆಹರಿಸಿಕೊಳ್ಳಲು. ಹಳೆಯ ಕಂಪನಿಯ 401(ಕೆ)ಯಿಂದ ತಂದಿಟ್ಟ 1,33,000 ಡಾಲರ್ ಅವರ ಸಾಮಾನ್ಯ ಐಆರ್‌ಎಯಲ್ಲಿ ತೆರಿಗೆ ಕಟ್ಟದೆ ಕೂತಿತ್ತು. ಅದು ಇರುವಾಗಲೇ 2024ರಲ್ಲಿ 7,000 ಡಾಲರಿನ ಬ್ಯಾಕ್‌ಡೋರ್ ಮಾಡಿದ್ದರು. ತೆರಿಗೆ ಇಲಾಖೆ ಒಬ್ಬರ ಹೆಸರಿನ ಎಲ್ಲ ಸಾಮಾನ್ಯ ಐಆರ್‌ಎಗಳನ್ನೂ ಒಂದೇ ಪಾತ್ರೆಯೆಂದು ನೋಡುತ್ತದೆ. ಹಾಲು ನೀರು ಬೆರೆತ ಪಾತ್ರೆಯಿಂದ ಲೋಟಕ್ಕೆ ಹಾಲನ್ನಷ್ಟೇ ಬಗ್ಗಿಸಲಾಗದು. ವರ್ಷಾಂತ್ಯದ ಶಿಲ್ಕು, ಪರಿವರ್ತಿಸಿದ ಮೊತ್ತ ಎರಡೂ ಸೇರಿ 1,40,000; ಅದರಲ್ಲಿ ತೆರಿಗೆ ಕಟ್ಟಿದ್ದು 7,000, ಅಂದರೆ ನೂರಕ್ಕೆ ಐದು. ಆದ್ದರಿಂದ ರಾತ್‌ಗೆ ದಾಟಿದ 7,000ದಲ್ಲಿ 6,650 ಡಾಲರ್ ತೆರಿಗೆಗೆ ಒಳಪಡುತ್ತದೆ. ಅವರ ದರದಲ್ಲಿ ಸುಮಾರು 2,700 ಡಾಲರ್ ತೆರಿಗೆ. ಇದರ ಲೆಕ್ಕ ಕೊಡಬೇಕಾದ ಫಾರ್ಮ್ 8606 ಸಲ್ಲಿಸಿಯೇ ಇರಲಿಲ್ಲ.

ಇದಕ್ಕೆ ಪರಿಹಾರವಿತ್ತು. 2024ರ ತೆರಿಗೆ ವಿವರವನ್ನು (ರಿಟರ್ನ್) ತಿದ್ದಿ, ಬಡ್ಡಿ ಸಮೇತ ತೆರಿಗೆ ಕಟ್ಟುವುದು. ಹಾಗೆ ಕಟ್ಟಿದರೆ 6,650 ಡಾಲರ್ ‘ಈಗಾಗಲೇ ತೆರಿಗೆ ತೆತ್ತ ಅಸಲು’ ಎಂದು ಐಆರ್‌ಎಯಲ್ಲೇ ದಾಖಲಾಗಿ ಉಳಿಯುತ್ತದೆ. ಅಷ್ಟನ್ನು ಬಿಟ್ಟು ಮಿಕ್ಕ ಹಣವನ್ನು ಡಿಸೆಂಬರ್ 31ರೊಳಗೆ ಈಗಿನ ಕಂಪನಿಯ 401(ಕೆ)ಗೆ ಸಾಗಿಸಿದರೆ, ಉಳಿದ 6,650ನ್ನೂ 2025ರ 7,000ವನ್ನೂ ತೆರಿಗೆಯಿಲ್ಲದೆ ರಾತ್‌ಗೆ ದಾಟಿಸಬಹುದು. ಅವರ ಯೋಜನೆ ಹೊರಗಿನ ಹಣ ಸ್ವೀಕರಿಸುತ್ತದೆಯೆಂದು ಖಚಿತಪಡಿಸಿಕೊಂಡೆವು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬಹುತೇಕ ಸಲಹೆಗಾರರು ಇಲ್ಲಿಗೆ ನಿಲ್ಲುತ್ತಾರೆ. ಪತಿಯೂ ಇಲ್ಲಿಗೆ ನಿಲ್ಲಲು ಸಿದ್ಧರಿದ್ದರು.

ಅವರ ಲೆಕ್ಕದ ಹಾಳೆಯಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ‘ನಿವೃತ್ತಿಯಲ್ಲಿ ತೆರಿಗೆ ದರ’ ಎಂಬಲ್ಲಿ ಇಂದಿನ ದರವನ್ನೇ ಬರೆದಿದ್ದರು: ಕೇಂದ್ರದ ಶೇಕಡಾ 32, ಕ್ಯಾಲಿಫೋರ್ನಿಯಾದ 9.3. ಈ ಅಂಕಿ ಎಲ್ಲಿಂದ ಬಂತೆಂದು ಕೇಳಿದೆ.

“ಈಗ ಇರೋದೇ ಮುಂದೂ ಇರತ್ತೆ ಅಂತ ಇಟ್ಕೊಂಡಿದ್ದೀನಿ ಮೇಡಂ.”

“ಅಂದರೆ ನಿವೃತ್ತಿಯ ನಂತರವೂ ಇದೇ ರಾಜ್ಯದಲ್ಲಿ ಇರುತ್ತೀರಿ?”

“ಹೌದು, ಲೆಕ್ಕಕ್ಕೆ ಹಾಗೆ.”

ಅಲ್ಲಿಯವರೆಗೆ ಮಾತಾಡದೆ ಕೂತಿದ್ದ ಪತ್ನಿ ಆಗ ಗಂಡನ ಕಡೆ ತಿರುಗಿ, “ಯಾರು ಹೇಳಿದ್ದು ಇಲ್ಲೇ ಇರ್ತೀವಿ ಅಂತ?” ಎಂದು ಕೇಳಿದರು. ಕೋಪವಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ ಪ್ರಶ್ನೆ ಅದು. ಪತಿ, ಇದು ಬರೀ ಲೆಕ್ಕ ಎಂದರು. ಪತ್ನಿ ಬಿಡಲಿಲ್ಲ. “ಮೂರು ವರ್ಷದ ಹಿಂದೆ ಅತ್ತೆಗೆ ಮಾತು ಕೊಟ್ಟು ಬಂದಿದ್ದೀವಿ. ಇವನು ಕಾಲೇಜು ಸೇರಿದ ಮೇಲೆ ಬಂದುಬಿಡ್ತೀವಿ ಅಂತ ನೀವೇ ಹೇಳಿದ್ರಿ. ನಾನು ಪಕ್ಕದಲ್ಲೇ ಇದ್ದೆ.”

“ಅದು ಅಮ್ಮನ ಸಮಾಧಾನಕ್ಕೆ ಹೇಳಿದ್ದು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪತ್ನಿ ನನ್ನನ್ನು ನೋಡಿ ಹೇಳಿದರು: “ಮೇಡಂ, ನಾನು ಆ ಮಾತನ್ನ ನಂಬಿಕೊಂಡೇ ಮೂರು ವರ್ಷ ಇಲ್ಲಿ ದಿನ ತೆಗೆದಿದ್ದೀನಿ. ಅತ್ತೆ ಮನೆ ಹಿಂದಿನ ಕೋಣೆಗೆ ಹೊಸ ಹೆಂಚು ಹಾಕ್ಸಿದ್ದೂ ನಾವು ಬರ್ತೀವಿ ಅಂತಲೇ.”

ಈ ವೃತ್ತಿಯಲ್ಲಿ ನನಗೆ ತುಂಬ ಕಷ್ಟವೆನಿಸಿದ ಗಳಿಗೆಗಳಲ್ಲಿ ಅದೊಂದು. ಪತಿಯನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸಿಲ್ಲ. ಊರಿಗೆ ಹೋದ ಮಕ್ಕಳೆಲ್ಲ ಹೊರಡುವಾಗ ತಾಯಿಗೆ ಅಂಥ ಒಂದು ಮಾತು ಹೇಳಿಯೇ ಬಂದಿರುತ್ತಾರೆ, ಹೇಳುವಾಗ ನಿಜವೆಂದೇ ಹೇಳಿರುತ್ತಾರೆ. ಆದರೆ ವರ್ಷಕ್ಕೆ 80,000 ಡಾಲರಿಗೂ ಹೆಚ್ಚು ಹಣವನ್ನು ಒಂದು ಊರಿನ ಮುಪ್ಪಿಗೆಂದು ಕಟ್ಟಿಡುತ್ತಿದ್ದ ಆ ಮನೆಯಲ್ಲಿ, ಆ ಊರು ಯಾವುದೆಂದು ಇಬ್ಬರೂ ಕೂತು ಒಮ್ಮೆಯೂ ಮಾತಾಡಿರಲಿಲ್ಲ. ನಾನು ಅವತ್ತು ಯಾವ ಸಲಹೆಯನ್ನೂ ಕೊಡದೆ, ಎರಡು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ.

ಮರಳಿ ಬಂದಾಗ ಅವರು ಯಾವುದನ್ನೂ ನಿರ್ಧರಿಸಿರಲಿಲ್ಲ, ಆದರೆ ನಿರ್ಧಾರವಾಗಿಲ್ಲ ಎಂಬುದನ್ನು ಇಬ್ಬರೂ ಒಪ್ಪಿಕೊಂಡಿದ್ದರು. ನನ್ನ ಸಲಹೆ ಆ ಒಪ್ಪಿಗೆಯ ಮೇಲೆಯೇ ನಿಂತದ್ದು. ಮೊದಲನೆಯದಾಗಿ, ಇಬ್ಬರ 401(ಕೆ) ಕಡಿತವನ್ನೂ ರಾತ್‌ನಿಂದ ಸಾಮಾನ್ಯ ಭಾಗಕ್ಕೆ ಬದಲಿಸಲು ಹೇಳಿದೆ. 47,000 ಡಾಲರಿಗೆ ಶೇಕಡಾ 41.3ರಂತೆ, ವರ್ಷಕ್ಕೆ ಸುಮಾರು 19,400 ಡಾಲರ್ ತೆರಿಗೆ ಇಂದು ಉಳಿಯುತ್ತದೆ. ಅವರು ಮುಂದೆ ಭಾರತಕ್ಕೆ ಹೋಗಲಿ, ರಾಜ್ಯ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸ್‌ಗೆ ಹೋಗಲಿ, ಕ್ಯಾಲಿಫೋರ್ನಿಯಾ ಬಿಟ್ಟ ಮೇಲೆ ಆ ನಿವೃತ್ತಿ ಹಣದ ಮೇಲೆ ಕ್ಯಾಲಿಫೋರ್ನಿಯಾ ಕೈ ಹಾಕುವಂತಿಲ್ಲ. 1996ರ ಕೇಂದ್ರ ಕಾನೂನು ಅದನ್ನು ತಡೆಯುತ್ತದೆ. ರಾತ್‌ಗೆ ಹಾಕಿದರೆ ಆ 9.3ನ್ನು ಕಟ್ಟಿಯೇ ಹಾಕಿದಂತಾಗುತ್ತದೆ, ಅದು ಮರಳುವುದಿಲ್ಲ.

ಎರಡನೆಯದು, ಮೆಗಾ ಬ್ಯಾಕ್‌ಡೋರನ್ನು ಒಂದು ವರ್ಷ ನಿಲ್ಲಿಸುವುದು. ಸ್ನೇಹಿತರು ಒಪ್ಪದೆ ಹೋದದ್ದು ಇದನ್ನೇ. ಆ 34,750ಕ್ಕೆ ಹೇಗೂ ತೆರಿಗೆ ಕಟ್ಟಿಯಾಗಿದೆ, ಅದನ್ನು ಹೊರಗೆ ಸಾಮಾನ್ಯ ಹೂಡಿಕೆಯಲ್ಲಿಟ್ಟರೆ ಲಾಭಕ್ಕೆ ತೆರಿಗೆ, ರಾತ್‌ನಲ್ಲಿಟ್ಟರೆ ಇಲ್ಲ, ಹಾಗಿರುವಾಗ ನಿಲ್ಲಿಸುವುದು ತಪ್ಪು ಎನ್ನುವುದು ಅವರ ವಾದ. ಅಮೆರಿಕದಲ್ಲೇ ಉಳಿಯುವವರಿಗೆ, ಕೈಯಲ್ಲಿ ಸಾಕಷ್ಟು ನಗದು ಇರುವವರಿಗೆ ಈ ವಾದ ಪೂರ್ತಿ ಸರಿ. ಅಂಥವರಿಗೆ ನಾನೂ ಅದನ್ನೇ ಹೇಳುತ್ತೇನೆ. ಈ ಮನೆಯ ತಿಂಗಳ ಖರ್ಚು, ಗೃಹಸಾಲದ ಕಂತು ಸೇರಿ, 14,000 ಡಾಲರ್. ಬ್ಯಾಂಕಿನಲ್ಲಿದ್ದದ್ದು 30,000. ಕೆಲಸ ಹೋದರೆ ಎಚ್-1ಬಿ ಉದ್ಯೋಗಿಗೆ ಹೊಸ ಕೆಲಸ ಹುಡುಕಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ, ಮತ್ತು ಈ ಮನೆಯಲ್ಲಿ ಒಂದು ಕೆಲಸ ಹೋದರೆ ಇನ್ನೊಂದೂ ಅಲುಗಾಡುತ್ತದೆ. ಕಷ್ಟ ಬಂದರೆ ರಾತ್‌ನ ಅಸಲನ್ನು ತೆಗೆಯಬಹುದಲ್ಲ ಎಂದು ಪತಿ ಕೇಳಿದರು. ತೆಗೆಯಬಹುದು. ಆದರೆ ಅವರ ಯೋಜನೆಯಲ್ಲಿ ಆ ಹಣ 401(ಕೆ) ಒಳಗೇ ಇರುತ್ತದೆ. ಕೆಲಸ ಬಿಟ್ಟ ಮೇಲೆ ಅದನ್ನು ರಾತ್ ಐಆರ್‌ಎಗೆ ಸಾಗಿಸಿ, ಅಲ್ಲಿಂದ ಅಸಲನ್ನು ಬೇರ್ಪಡಿಸಿ ಪಡೆಯಬೇಕು. ಅರವತ್ತು ದಿನ ಎಣಿಸುತ್ತ ಕೂತ ಮನೆಗೆ ಅಂಥ ಕಾಗದಪತ್ರದ ಓಡಾಟ ಬೇಡವೆಂಬುದು ನನ್ನ ಅಭಿಪ್ರಾಯ. ನಿಲ್ಲಿಸಿದ 34,750, ತೆರಿಗೆಯಲ್ಲಿ ಉಳಿದ 19,400, ಇರುವ 30,000 ಸೇರಿದರೆ ಒಂದು ವರ್ಷದಲ್ಲಿ ಆರು ತಿಂಗಳ ಖರ್ಚು ಕೈಯಲ್ಲಿರುತ್ತದೆ.

ಈ ಎರಡು ಸಲಹೆಗೂ ಇನ್ನೊಂದು ಕಾರಣ ಭಾರತದ್ದು, ಇದನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ. ದೀರ್ಘಕಾಲ ಹೊರಗಿದ್ದು ಮರಳಿದವರಿಗೆ ಮೊದಲ ಎರಡು ಮೂರು ವರ್ಷ ವಿದೇಶಿ ಆದಾಯದ ಮೇಲೆ ಸಾಮಾನ್ಯವಾಗಿ ಭಾರತದ ತೆರಿಗೆ ಬೀಳುವುದಿಲ್ಲ. ಆ ಅವಧಿ ಮುಗಿದ ಮೇಲೆ ಜಗತ್ತಿನೆಲ್ಲೆಡೆಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ವಿದೇಶಿ ನಿವೃತ್ತಿ ಖಾತೆಗಳ ತೆರಿಗೆಯನ್ನು ಹಣ ತೆಗೆಯುವ ವರ್ಷದವರೆಗೆ ಮುಂದೂಡಲು 2021ರ ಹಣಕಾಸು ಕಾಯ್ದೆ 89ಎ ಎಂಬ ಕಲಮನ್ನು ತಂದಿತು. ನಿಗದಿತ ಫಾರ್ಮ್ ಸಲ್ಲಿಸಿ ಅದನ್ನು ಆಯ್ದುಕೊಳ್ಳಬೇಕು. ಆದರೆ ಆ ಕಲಮಿನ ವ್ಯಾಖ್ಯೆಯಲ್ಲಿ ಬರುವುದು, ಹಣ ತೆಗೆಯುವಾಗ ಆ ದೇಶದಲ್ಲಿ ತೆರಿಗೆ ಬೀಳುವ ಖಾತೆ. ಸಾಮಾನ್ಯ 401(ಕೆ) ಆ ಅಳತೆಗೆ ಸರಿಯಾಗಿ ಕೂರುತ್ತದೆ. ತೆಗೆಯುವಾಗ ತೆರಿಗೆಯೇ ಇಲ್ಲದಿರುವುದು ಯಾವ ಖಾತೆಯ ಹೆಗ್ಗಳಿಕೆಯೋ, ಆ ರಾತ್ ಖಾತೆ ಕೂರುವುದು ಕಷ್ಟ. ಅಮೆರಿಕ ಕೊಟ್ಟ ವಿನಾಯಿತಿಯನ್ನು ಭಾರತ ತಾನಾಗಿ ಒಪ್ಪಬೇಕೆಂದೇನೂ ಇಲ್ಲ. ಒಮ್ಮೆ ಇಲ್ಲಿ ದೊಡ್ಡ ದರದಲ್ಲಿ ತೆರಿಗೆ ತೆತ್ತು, ಮತ್ತೆ ಅಲ್ಲಿ ಬೆಳೆದ ಲಾಭಕ್ಕೂ ತೆರುವ ಸಾಧ್ಯತೆ ಹೊತ್ತು ಶಿವಮೊಗ್ಗಕ್ಕೆ ಹೋಗುವುದು ಬೇಡವೆಂದೆ.

ಇಷ್ಟೆಲ್ಲ ಹೇಳಿದರೂ ನನ್ನನ್ನು ಈ ಸಲಹೆಯ ಕಡೆಗೆ ಎಳೆದದ್ದು ಇನ್ನೂ ಸರಳವಾದ ಒಂದು ಸಂಗತಿ. ಸಾಮಾನ್ಯ ಖಾತೆಯ ಹಣವನ್ನು ಮುಂದೆ ಯಾವ ವರ್ಷ ಬೇಕಾದರೂ ರಾತ್‌ಗೆ ಬದಲಿಸಬಹುದು. ಕೆಲಸ ಬಿಟ್ಟು ಆದಾಯ ಇಳಿದ ವರ್ಷವನ್ನು ನೋಡಿಕೊಂಡು ಕಡಿಮೆ ದರದಲ್ಲಿ ಬದಲಿಸಬಹುದು. ರಾತ್‌ಗೆ ಹೋದ ಹಣ ಹಿಂದಕ್ಕೆ ಬರುವುದಿಲ್ಲ. ಪರಿವರ್ತನೆಯನ್ನು ರದ್ದು ಮಾಡಲು ಇದ್ದ ಅವಕಾಶವನ್ನೂ 2018ರಿಂದ ತೆಗೆದುಹಾಕಿದ್ದಾರೆ. ಎಲ್ಲಿ ಬಾಳುತ್ತೇವೆಂದು ತೀರ್ಮಾನಿಸದ ದಂಪತಿ, ಮರಳಲು ಬಾರದ ದಾರಿಯಲ್ಲಿ ತಮ್ಮ ಹಣವನ್ನು ಮೊದಲು ಕಳಿಸಿಬಿಟ್ಟರೆ, ಆಮೇಲೆ ಹಣವೇ ಅವರ ಊರನ್ನು ತೀರ್ಮಾನಿಸುತ್ತದೆ. “ರಾತ್‌ನಲ್ಲಿ ಇಷ್ಟೊಂದು ಇದೆ, ಈಗ ಹೋದರೆ ನಷ್ಟ” ಎಂಬ ಮಾತನ್ನು ಬೇರೆ ಮನೆಗಳಲ್ಲಿ ನಾನು ಕೇಳಿದ್ದೇನೆ. ಸ್ನೇಹಿತರೊಬ್ಬರು, ನೀವು ಹಣದ ಸಲಹೆ ಬಿಟ್ಟು ಸಂಸಾರದ ಪಂಚಾಯಿತಿ ಮಾಡುತ್ತಿದ್ದೀರಿ ಎಂದರು. ಮೂವತ್ತು ವರ್ಷದ ನಂತರದ ತೆರಿಗೆ ದರವನ್ನು ಊಹಿಸದೆ ರಾತ್ ಸಲಹೆ ಕೊಡಲಾಗದು, ಊರು ಗೊತ್ತಿಲ್ಲದೆ ದರ ಊಹಿಸಲಾಗದು, ಹೆಂಡತಿಯನ್ನು ಕೇಳದೆ ಊರು ಗೊತ್ತಾಗದು. ನಾನು ನನ್ನ ಕೆಲಸವನ್ನೇ ಮಾಡಿದೆನೆಂದು ನಂಬಿದ್ದೇನೆ.

ಸಣ್ಣ ಬ್ಯಾಕ್‌ಡೋರನ್ನು ಮಾತ್ರ, ಪಾತ್ರೆ ಶುದ್ಧವಾದ ಮೇಲೆ, ಇಬ್ಬರೂ ಮುಂದುವರಿಸಲಿ ಎಂದೆ. ವರ್ಷಕ್ಕೆ ಒಬ್ಬೊಬ್ಬರಿಗೆ 7,000 ಡಾಲರ್ ಯಾವ ಊರನ್ನೂ ತೀರ್ಮಾನಿಸುವಷ್ಟು ದೊಡ್ಡದಲ್ಲ.

ಜನವರಿಯಲ್ಲಿ ಅವರು ಮತ್ತೆ ಬಂದರು. ಹಳೆಯ ಐಆರ್‌ಎ ಹಣ ಡಿಸೆಂಬರ್ ಮೂರನೆಯ ವಾರದಲ್ಲಿ 401(ಕೆ) ಸೇರಿತ್ತು, ತಿದ್ದಿದ ವಿವರ ಅಂಚೆಗೆ ಹೋಗಿತ್ತು. ರಾತ್ ನಿಲ್ಲಿಸಿದ್ದಕ್ಕೆ ಪತಿಗೆ ಇನ್ನೂ ಸಂಕಟವಿದೆ, ಅದನ್ನು ಮುಚ್ಚಿಡಲಿಲ್ಲ. ಲೆಕ್ಕದ ಹಾಳೆಯಲ್ಲಿ ಈಗ ‘ಇಲ್ಲಿ’ ಮತ್ತು ‘ಶಿವಮೊಗ್ಗ’ ಎಂದು ಎರಡು ಕಾಲಂಗಳಿವೆ. ಎರಡನೆಯದರಲ್ಲಿ ಅರ್ಧ ಸಾಲುಗಳು ಖಾಲಿ. ಅತ್ತೆಯ ಔಷಧಿ ಖರ್ಚು, ಮನೆಕೆಲಸದವರ ಸಂಬಳ, ಆರೋಗ್ಯ ವಿಮೆ ಎಂದು ಪತ್ನಿ ಒಂದೊಂದನ್ನೇ ಫೋನಿನಲ್ಲಿ ವಿಚಾರಿಸಿ ತುಂಬುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಪತಿ ಒಂದು ತಿಂಗಳು ತಾಯಿಯ ಜೊತೆ ಇದ್ದು ಬರಲು ಟಿಕೆಟ್ ಮಾಡಿಸಿದ್ದಾರೆ.